ಒಕ್ಯುಲರ್ ತೆರೆಯಲಿಲ್ಲ, ತೊಂದರೆ ಐಸಿಯುನಲ್ಲಿತ್ತು

ಜೆಂಟೂ ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಪಿಡಿಎಫ್ ಓದುವ ಒಕ್ಯುಲರ್ ತೆರೆಯಲೇ ಇಲ್ಲ. ಪ್ರೋಗ್ರಾಂಗೆ ಯಾವ ಲೈಬ್ರರಿ ಫೈಲುಗಳು ಬೇಕು ಎಂದು ತೋರಿಸುವ ಎಲ್‌ಡಿಡಿ ಓಡಿಸಿ ನೋಡಿದೆ. ಉದ್ದ ಪಟ್ಟಿಯ ನಡುವೆ ಒಂದು ಸಾಲು: 'ಲಿಬ್‌ಐಸಿಯುಯುಸಿ.ಎಸ್‌ಒ.75 => ನಾಟ್ ಫೌಂಡ್'. ಇದು ಯುನಿಕೋಡ್ ಪಠ್ಯ ನಿಭಾಯಿಸುವ ಐಸಿಯು ಲೈಬ್ರರಿಯ ಫೈಲು. ಹೊಸ ಐಸಿಯು ಬಂದು ಅದರ ಆವೃತ್ತಿ 76 ಆಗಿತ್ತು.

75ರ ಹೆಸರಲ್ಲಿ 76ಕ್ಕೆ ಸುಮ್ನೆ ಒಂದು ಸಿಮ್‌ಲಿಂಕ್ (ಬೇರೆ ಫೈಲಿನತ್ತ ತೋರುವ ಕೊಂಡಿ) ಹಾಕಿದರೆ ಸಾಕಲ್ವಾ ಅನ್ನಿಸಬಹುದು. ದಯವಿಟ್ಟು ಬೇಡ. ಐಸಿಯು ತನ್ನ ಫಂಕ್ಷನ್‌ಗಳ ಹೆಸರಿಗೂ ಆವೃತ್ತಿ ಅಂಟಿಸುತ್ತದೆ. 'ಯು_ಎಸ್‌ಟಿಆರ್‌ಲೆನ್_75' ಕೇಳಿದವರಿಗೆ 76ರ ಫೈಲಿನಲ್ಲಿ ಅದು ಸಿಗುವುದೇ ಇಲ್ಲ.

ಜೆಂಟೂನ ಪ್ಯಾಕೇಜ್ ನಿರ್ವಾಹಕ ಪೋರ್ಟೇಜ್ ಸಾಮಾನ್ಯವಾಗಿ ಹಳೆಯ ಫೈಲನ್ನು ಉಳಿಸಿಕೊಂಡು '@ಪ್ರಿಸರ್ವ್ಡ್-ರೀಬಿಲ್ಡ್' ಮಾಡಿ, ಅಂದರೆ ಅದನ್ನು ಬಳಸುವ ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಿ ಅನ್ನುತ್ತದೆ. ಬಹಳ ಒಳ್ಳೆಯ ಏರ್ಪಾಡು. ಈ ಯಂತ್ರದಲ್ಲಿ ಅದು ಆಫ್ ಆಗಿತ್ತು. ಹಾಗಾಗಿ ಜೆಂಟೂಲ್‌ಕಿಟ್ ಎಂಬ ಉಪಕರಣಗಳ ಗುಂಪಿನ ರೆವ್‌ಡೆಪ್-ರೀಬಿಲ್ಡ್ ಹಿಡಿದೆ; ಅದು ಲೈಬ್ರರಿ ಸಿಗದೆ ಮುರಿದ ಪ್ಯಾಕೇಜ್‌ಗಳನ್ನು ಹುಡುಕಿ ಮತ್ತೆ ಕಂಪೈಲ್ ಮಾಡುತ್ತದೆ. ಮೊದಲು '-ಪಿ' ಹಾಕಿ ಪಟ್ಟಿ ಮಾತ್ರ ನೋಡಿದೆ. ನಿಜವಾಗಿ ಮುರಿದದ್ದು ಒಕ್ಯುಲರ್ ಅಲ್ಲ, ಅದು ಬಳಸುವ ಕ್ಯೂಟಿ ಲೈಬ್ರರಿಯ ಮೂಲ ಪ್ಯಾಕೇಜ್ ಕ್ಯೂಟಿಬೇಸ್. ಅದನ್ನು ಮತ್ತೆ ಕಂಪೈಲ್ ಮಾಡಿದೆ, ಒಕ್ಯುಲರ್ ತೆರೆಯಿತು.