ಯೂನಿಕ್ ಕಾನ್‌ಸ್ಟ್ರೇಂಟ್ ಕಿತ್ತು ಹಾಕಿದ ಸಂಜೆ

ನವೆಂಬರ್‌ನಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿಗಳ ನಡುವೆ ಕಾಲಿಡಲು ಜಾಗ ಸಿಗುವುದಿಲ್ಲ. ಟೆಂಡರ್ ಮುಗಿದ ಮೇಲೆ ತೂಕ, ತೂಕ ಆದ ಮೇಲೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ. ಪಟ್ಟಿ ಕೈಗೆ ಬಂದರೇ ರೈತ ಊರ ದಾರಿ ಹಿಡಿಯುವುದು. ದಲಾಲಿ ಅಂಗಡಿಗಳಿಗೆ ನಾವು ಮಾಡಿಕೊಟ್ಟ ಬಿಲ್ಲಿಂಗ್ ಅಪ್ಲಿಕೇಶನ್ ಕೈಕೊಟ್ಟದ್ದು ತೂಕಕ್ಕೂ ಪಟ್ಟಿಗೂ ನಡುವೆ, ಸಂಜೆ ಐದೂಮುಕ್ಕಾಲಿಗೆ.

‘ಸಾರ್, ಹದಿನೇಳನೇ ಚೀಲದ ತೂಕ ತಪ್ಪು ಹೊಡೆದೀವಿ. ತಿದ್ದಿ ಸೇವ್ ಕೊಟ್ರೆ ಕೆಂಪಗೆ ಎರರ್ ಬರ್ತೈತೆ’ ಎಂದರು ಗುಮಾಸ್ತರು. 40 ಚೀಲದ ಲಾಟ್ (ಒಟ್ಟಿಗೆ ಮಾರಾಟವಾದ ರಾಶಿ). 56.2 ಕೆಜಿ ಬರೆಯಬೇಕಾದಲ್ಲಿ 65.2 ಆಗಿತ್ತು. ಒಂದು ಅಂಕಿ ತಿದ್ದಬೇಕು, ಅಷ್ಟೇ.

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲಿ ಎರರ್ ಸಂಖ್ಯೆ 23505 ಇತ್ತು, ಅಂದರೆ ಯೂನಿಕ್ ಕಾನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ನಿಯಮ) ಉಲ್ಲಂಘನೆ. ತೂಕದ ಟೇಬಲ್ಲಿನಲ್ಲಿ ಲಾಟ್ ಐಡಿ ಮತ್ತು ಚೀಲದ ಕ್ರಮಸಂಖ್ಯೆ ಎರಡೂ ಸೇರಿ ಒಂದು ಯೂನಿಕ್. ಅದರ ಕೆಳಗಿನ ಡೀಟೇಲ್ ಸಾಲಿನಲ್ಲಿ ಇದೇ ಲಾಟ್‌ನ ಕ್ರಮಸಂಖ್ಯೆ 1 ಈಗಾಗಲೇ ಇದೆ ಎಂದಿತ್ತು. ಗುಮಾಸ್ತರು ತಿದ್ದಿದ್ದು 17ನೇ ಚೀಲ, ಡೇಟಾಬೇಸ್ ದೂರಿದ್ದು 1ನೇ ಚೀಲದ ಮೇಲೆ. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಅರ್ಧ ನಿಮಿಷದಲ್ಲಿ ರೋಗ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ. ಸೇವ್ ಬಟನ್ ಎರಡು ಸಲ ಒತ್ತಿರಬೇಕು ಎಂದುಕೊಂಡು ಬ್ರೌಸರ್ ಟ್ಯಾಬ್ ಮುಚ್ಚಿಸಿದೆ, ಲಾಗೌಟ್ ಮಾಡಿಸಿದೆ, ಇನ್ನೊಂದು ಕಂಪ್ಯೂಟರಿನಿಂದ ಹಾಕಿಸಿದೆ. ಇಪ್ಪತ್ತು ನಿಮಿಷ ಹೋಯಿತು. ಅತ್ತ ಖರೀದಿದಾರರ ಲಾರಿ ಲೋಡಾಗಿ ನಿಂತಿತ್ತು. ಅಂಗಡಿ ಮಾಲೀಕರು ಮೂರನೇ ಸಲ ಫೋನ್ ಮಾಡಿದಾಗ ‘ಸದ್ಯಕ್ಕೆ ಆ ಕಾನ್‌ಸ್ಟ್ರೇಂಟ್ ತೆಗೀರಿ, ನಾಳೆ ನೋಡೋಣ’ ಎಂದು ಮ್ಯಾನೇಜರ್ ಕಡೆಯಿಂದ ಮಾತು ಬಂತು. ಆರೂ ಹತ್ತಕ್ಕೆ ಪ್ರೊಡಕ್ಷನ್ ಡೇಟಾಬೇಸ್‌ನಲ್ಲಿ ಒಂದೇ ಸಾಲಿನ ಆಲ್ಟರ್ ಟೇಬಲ್ ಕಮಾಂಡ್ ಓಡಿಸಿ ಅದನ್ನು ಡ್ರಾಪ್ ಮಾಡಿದೆ. ಸೇವ್ ಆಯಿತು, ಸಾಲುಗಳನ್ನು ಎಣಿಸಿದರೆ ಸರಿಯಾಗಿ 40. ಪಟ್ಟಿಯೂ ಪ್ರಿಂಟ್ ಆಯಿತು. ಎಣಿಕೆ ಸರಿ ಬಂದದ್ದರಿಂದಲೇ ಕಾನ್‌ಸ್ಟ್ರೇಂಟೇ ತಪ್ಪಾಗಿತ್ತು ಎಂಬ ನಂಬಿಕೆ ಗಟ್ಟಿಯಾಯಿತು.

ಒಳಗೆ ನಡೆಯುತ್ತಿದ್ದದ್ದು ಹೀಗೆ. ಸರ್ವಿಸ್ ಕೋಡ್‌ನಲ್ಲಿ ಲಾಟ್‌ನ ತೂಕದ ಲಿಸ್ಟ್ ಅನ್ನು ಕ್ಲಿಯರ್ ಮಾಡಿ, ಸ್ಕ್ರೀನಿನಿಂದ ಬಂದ 40 ಸಾಲುಗಳಿಗೆ 40 ಹೊಸ ಆಬ್ಜೆಕ್ಟ್ ಕಟ್ಟಿ, ಅದೇ ಲಿಸ್ಟಿಗೆ ಸೇರಿಸುತ್ತಿದ್ದೆವು. ಲಿಸ್ಟ್‌ನಿಂದ ಬಿಟ್ಟುಹೋದ ಸಾಲನ್ನು ಟೇಬಲ್ಲಿನಿಂದಲೂ ಅಳಿಸುವ ಆರ್ಫನ್ ರಿಮೂವಲ್ ಆನ್ ಇತ್ತು. ಓದುವವರ ಕಣ್ಣಿಗೆ ಮೊದಲು ಅಳಿಸಿ ಆಮೇಲೆ ಸೇರಿಸಿದಂತೆ ಕಾಣುತ್ತದೆ. ಆದರೆ ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿನ ಸಾಲುಗಳಾಗಿಸುವ ಹೈಬರ್ನೇಟ್, ಕೋಡ್ ಬರೆದ ಕ್ರಮದಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೊಡುವ ಆಜ್ಞೆ) ಕಳಿಸುವುದಿಲ್ಲ. ಎಲ್ಲವನ್ನೂ ಕೂಡಿಟ್ಟುಕೊಂಡು ಫ್ಲಶ್ ಆಗುವಾಗ, ಅಂದರೆ ಡೇಟಾಬೇಸಿಗೆ ಕಳಿಸುವಾಗ, ತನ್ನದೇ ಕ್ರಮದಲ್ಲಿ ಬಿಡುತ್ತದೆ: ಎಂಟಿಟಿಗಳ (ಸಾಲುಗಳಾಗುವ ಆಬ್ಜೆಕ್ಟ್‌ಗಳ) ಇನ್ಸರ್ಟ್, ಆಮೇಲೆ ಅಪ್‌ಡೇಟ್, ನಂತರ ಕಲೆಕ್ಷನ್‌ಗಳ ಕೆಲಸ, ಎಲ್ಲಕ್ಕಿಂತ ಕೊನೆಗೆ ಎಂಟಿಟಿಗಳ ಡಿಲೀಟ್. ಹಾಗಾಗಿ ಹಳೆಯ 1ನೇ ಚೀಲ ಟೇಬಲ್ಲಿನಲ್ಲಿ ಇನ್ನೂ ಕೂತಿರುವಾಗಲೇ ಹೊಸ 1ನೇ ಚೀಲ ಒಳಗೆ ಬರುತ್ತಿತ್ತು. ಮೊದಲ ಇನ್ಸರ್ಟಿಗೇ ಡಿಕ್ಕಿ. ಕಾನ್‌ಸ್ಟ್ರೇಂಟ್ ಇಲ್ಲದಾಗ 40 ಒಳಗೆ ಬಂದು 80 ಆಗಿ, ಕೊನೆಗೆ ಹಳೆಯ 40 ಅಳಿಸಿ ಹೋಗುತ್ತಿದ್ದವು. ಎಣಿಕೆ ಸರಿಯಾಗಿದ್ದದ್ದು ಅದಕ್ಕೇ.

ಆದರೆ ಆ ಯೂನಿಕ್ ಕಾನ್‌ಸ್ಟ್ರೇಂಟ್ ಇನ್ನೊಂದು ಕಾವಲನ್ನೂ ಕಾಯುತ್ತಿತ್ತು. ತೂಕದ ಕಟ್ಟೆಯ ಹತ್ತಿರ ಮೊಬೈಲ್‌ನಲ್ಲಿ ಸಾಲುಗಳನ್ನು ಹಾಕುತ್ತಾರೆ, ಅಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಸರ್ವರ್ ಸೇವ್ ಮಾಡಿದ ಉತ್ತರ ಮೊಬೈಲಿಗೆ ತಲುಪದಿದ್ದರೆ ಆ್ಯಪ್ ಅದೇ ರಿಕ್ವೆಸ್ಟ್ ಅನ್ನು ಮತ್ತೆ ಕಳಿಸುತ್ತದೆ. ಎರಡನೇ ಸಲ ಬಂದ ಸಾಲುಗಳನ್ನು ಡೇಟಾಬೇಸ್ 23505 ಕೊಟ್ಟು ಹಿಂದಕ್ಕೆ ಅಟ್ಟುತ್ತಿತ್ತು. ಆ್ಯಪ್ ಅದನ್ನು ‘ಆಗಲೇ ಸೇರಿದೆ’ ಎಂದು ತೆಗೆದುಕೊಳ್ಳುತ್ತಿತ್ತು. ಆರೂ ಹತ್ತರ ನಂತರ ಅಟ್ಟುವವರು ಯಾರೂ ಇರಲಿಲ್ಲ. ರಾತ್ರಿಯೊಳಗೆ ಮೂರು ಲಾಟ್‌ಗಳಲ್ಲಿ ಪ್ರತಿ ಚೀಲವೂ ಎರಡೆರಡು ಸಲ ಕೂತಿತು. ಪಟ್ಟಿಯಲ್ಲಿ ಚೀಲದ ಸಂಖ್ಯೆ ಲಾಟ್ ದಾಖಲೆಯಿಂದ ಬರುತ್ತದೆ, ತೂಕ ಮಾತ್ರ ಸಾಲುಗಳ ಮೊತ್ತ. ಹಾಗಾಗಿ 40 ಚೀಲ ಎಂದೇ ಪ್ರಿಂಟಾಗಿ, 22 ಕ್ವಿಂಟಲ್ ಇರಬೇಕಾದ ತೂಕ 44ಕ್ಕೆ ಏರಿತ್ತು. ಬೆಳಿಗ್ಗೆ ಖರೀದಿದಾರರು ವೇಬ್ರಿಡ್ಜ್ ಚೀಟಿ ಹಿಡಿದು ಬಂದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಒಬ್ಬ ರೈತರಿಗೆ ದುಡ್ಡು ಹೋಗಿಯೂ ಆಗಿತ್ತು. ಅವರನ್ನು ವಾಪಸ್ ಕರೆಸಿ ಲೆಕ್ಕ ಮಾಡಬೇಕಾಗಿ ಬಂದ ಅಂಗಡಿಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಕಿತ್ತದ್ದು ಒಂದು ಸಾಲಿನ ಕಮಾಂಡ್, ಮತ್ತೆ ಹಾಕಲು ಅರ್ಧ ದಿನ ಬೇಕಾಯಿತು. ನಕಲು ಸಾಲುಗಳು ಇರುವ ತನಕ ಯೂನಿಕ್ ಇಂಡೆಕ್ಸ್ ಕಟ್ಟಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಲಾಟ್ ಐಡಿ, ಕ್ರಮಸಂಖ್ಯೆಗಳ ಮೇಲೆ ಗ್ರೂಪ್ ಬೈ ಹಾಕಿ ಒಂದಕ್ಕಿಂತ ಹೆಚ್ಚು ಇರುವವನ್ನು ಹುಡುಕಿದೆವು. ಐಡಿ ದೊಡ್ಡದಿರುವುದನ್ನು ಅಳಿಸಿದರಾಯಿತು ಎನ್ನುವ ಹಾಗಿರಲಿಲ್ಲ, ಒಂದು ಲಾಟ್‌ನಲ್ಲಿ ನಕಲಾದ ಮೇಲೆ ತಿದ್ದುಪಡಿಯೂ ನಡೆದಿತ್ತು. ಕಾಗದದ ತೂಕದ ಚೀಟಿ ತರಿಸಿ ಒಂದೊಂದೇ ಸಾಲು ತಾಳೆ ನೋಡಿದೆವು. ಆಮೇಲೆ ಯೂನಿಕ್ ಇಂಡೆಕ್ಸ್ ಅನ್ನು ಕನ್‌ಕರೆಂಟ್ಲಿ ಆಯ್ಕೆಯೊಡನೆ ಕಟ್ಟಿ, ಆ ಇಂಡೆಕ್ಸ್ ಬಳಸಿಯೇ ಕಾನ್‌ಸ್ಟ್ರೇಂಟ್ ಸೇರಿಸಿದೆವು. ಹೀಗೆ ಮಾಡಿದರೆ ಇಂಡೆಕ್ಸ್ ಕಟ್ಟುತ್ತಿರುವಾಗ ಟೇಬಲ್ಲಿಗೆ ಬರೆಯುವ ಕೆಲಸ ನಿಲ್ಲುವುದಿಲ್ಲ. ಕಟ್ಟುವಾಗ ನಡುವೆ ನಕಲು ಸಿಕ್ಕಿ ವಿಫಲವಾದರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಅಲ್ಲೇ ಉಳಿದಿರುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಶುರು ಮಾಡುವುದು ಒಳ್ಳೆಯದು.

ಇನ್ನು ಕೋಡ್. ಕ್ಲಿಯರ್ ಮಾಡಿದ ಕೂಡಲೇ ಫ್ಲಶ್ ಕರೆದು ಆಮೇಲೆ ಹೊಸದನ್ನು ಸೇರಿಸಿದರೆ ಡಿಲೀಟ್ ಮೊದಲು ಹೋಗುತ್ತದೆ, ಎರರ್ ನಿಲ್ಲುತ್ತದೆ. ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಮೊದಲು ಸಿಗುವ ಉತ್ತರ ಇದೇ. ತುರ್ತಿಗೆ ಆದೀತು, ಅಲ್ಲಿಗೇ ನಿಲ್ಲಿಸಬೇಡಿ. ಒಂದು ಅಂಕಿ ತಿದ್ದಲು 40 ಡಿಲೀಟ್, 40 ಇನ್ಸರ್ಟ್ ಆಗುತ್ತವೆ. ಪ್ರತಿ ಚೀಲದ ಐಡಿ ಬದಲಾಗುತ್ತದೆ. ತೂಕದ ಸಾಲನ್ನು ಬೇರೆ ಟೇಬಲ್ ಫಾರಿನ್ ಕೀಯಿಂದ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರುವ ಕೊಂಡಿ) ಹಿಡಿದಿದ್ದರೆ, ನಮ್ಮಲ್ಲಿ ಕೆಲವು ಲಾಟ್‌ಗಳಲ್ಲಿ ತೇವಾಂಶದ ಟೇಬಲ್ ಹಿಡಿದಿತ್ತು, 23505 ಹೋಗಿ ಆ ಕೊಂಡಿ ಮುರಿಯುತ್ತದೆ ಎಂಬ 23503 ಬರುತ್ತದೆ.

ಸರಿಯಾದ ದಾರಿ ಹೋಲಿಸಿ ಬದಲಿಸುವುದು. ಹಳೆಯ ಸಾಲುಗಳನ್ನು ಕ್ರಮಸಂಖ್ಯೆಯ ಮೇಲೆ ಮ್ಯಾಪ್ ಮಾಡಿಕೊಳ್ಳಿ. ಸ್ಕ್ರೀನಿನಿಂದ ಬಂದ ಸಾಲಿನ ಸಂಖ್ಯೆ ಮ್ಯಾಪ್‌ನಲ್ಲಿದ್ದರೆ ಅದೇ ಆಬ್ಜೆಕ್ಟಿನ ತೂಕ ಬದಲಿಸಿ, ಇಲ್ಲದಿದ್ದರೆ ಹೊಸದು ಸೇರಿಸಿ, ಕೊನೆಗೆ ಮ್ಯಾಪ್‌ನಲ್ಲಿ ಮುಟ್ಟದೆ ಉಳಿದವನ್ನು ಲಿಸ್ಟ್‌ನಿಂದ ತೆಗೆಯಿರಿ. 17ನೇ ಚೀಲ ತಿದ್ದಿದರೆ ಈಗ ಒಂದೇ ಒಂದು ಅಪ್‌ಡೇಟ್ ಹೋಗುತ್ತದೆ.

ಇದಕ್ಕೂ ಬಗ್ಗದ ಒಂದು ಸಂದರ್ಭ ಉಂಟು. 16 ಮತ್ತು 17ನೇ ಚೀಲ ಅದಲು ಬದಲಾಗಿವೆ ಎಂದು ಗುಮಾಸ್ತರು ಸಂಖ್ಯೆಗಳನ್ನೇ ಬದಲಿಸಲು ಹೋದರೆ, ಮೊದಲನೆಯ ಅಪ್‌ಡೇಟಿಗೇ ಎರಡು 17 ಆಗಿ ಮತ್ತೆ 23505. ಪೋಸ್ಟ್‌ಗ್ರೆಸ್‌ನಲ್ಲಿ ಕಾನ್‌ಸ್ಟ್ರೇಂಟ್ ಅನ್ನು ಡಿಫರಬಲ್, ಇನಿಷಿಯಲಿ ಡಿಫರ್ಡ್ ಎಂದು ಮಾಡಿದರೆ ಪರೀಕ್ಷೆ ಕಮಿಟ್ ತನಕ, ಅಂದರೆ ಬದಲಾವಣೆಗಳೆಲ್ಲ ಒಟ್ಟಿಗೆ ಖಾಯಂ ಆಗುವ ತನಕ, ಮುಂದಕ್ಕೆ ಹೋಗುತ್ತದೆ. ಯೂನಿಕ್, ಪ್ರೈಮರಿ ಕೀ, ಫಾರಿನ್ ಕೀಗಳಿಗೆ ಇದು ನಡೆಯುತ್ತದೆ, ನಾಟ್ ನಲ್ ಮತ್ತು ಚೆಕ್‌ಗೆ ಇಲ್ಲ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಈ ಸೌಲಭ್ಯವೇ ಇಲ್ಲ. ಆದರೆ ಡಿಫರಬಲ್ ಮಾಡಿದ ಯೂನಿಕ್ ಮೇಲೆ 2016ರ 9.5 ಆವೃತ್ತಿಯಿಂದ ಬಂದಿರುವ ‘ಆನ್ ಕಾನ್‌ಫ್ಲಿಕ್ಟ್’ (ಡಿಕ್ಕಿಯಾದರೆ ಏನು ಮಾಡಬೇಕೆಂದು ಹೇಳುವ ಸೌಲಭ್ಯ) ಅನ್ನು ಬಳಸಲು ಆಗುವುದಿಲ್ಲ, ಬೇರೆ ಟೇಬಲ್ಲಿನ ಫಾರಿನ್ ಕೀ ಕೂಡ ಅದನ್ನು ಆಧಾರ ಮಾಡಿಕೊಳ್ಳಲಾರದು. ನಾವು ಡಿಫರ್ ಮಾಡಲಿಲ್ಲ. ಸಂಖ್ಯೆ ಬದಲಿಸುವ ಕಾಲಂ ಅನ್ನೇ ಸ್ಕ್ರೀನ್‌ನಲ್ಲಿ ಬೀಗ ಹಾಕಿ, ತೂಕವನ್ನು ಮಾತ್ರ ತಿದ್ದಲು ಬಿಟ್ಟೆವು.

ಮೊಬೈಲ್ ಮತ್ತೆ ಮತ್ತೆ ಕಳಿಸುವುದನ್ನು ತಡೆಯಲು ಚೀಲದ ಯೂನಿಕ್ ಅನ್ನು ನೆಚ್ಚಿಕೊಂಡದ್ದೂ ಸರಿಯಲ್ಲ. ಈಗ ಪ್ರತಿ ರಿಕ್ವೆಸ್ಟಿಗೆ ಮೊಬೈಲೇ ಒಂದು ಯುಯುಐಡಿ (ಬೇರೆಲ್ಲೂ ಬಾರದ ಗುರುತು ಸಂಖ್ಯೆ) ಹಚ್ಚಿ ಕಳಿಸುತ್ತದೆ. ಅದನ್ನು ಬೇರೆ ಟೇಬಲ್ಲಿಗೆ, ತೂಕದ ಸಾಲುಗಳದ್ದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಯಾವುದೂ ಆಗದ ಕೆಲಸಗಳ ಗುಂಪು), ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಎಂದು ಇನ್ಸರ್ಟ್ ಮಾಡುತ್ತೇವೆ. ಸೊನ್ನೆ ಸಾಲು ಎಂದು ಬಂದರೆ ಕೆಲಸ ಮೊದಲೇ ಆಗಿದೆ ಎಂದರ್ಥ. ಮೊದಲು ಎಕ್ಸಿಸ್ಟ್ಸ್ ಕೇಳಿ ಆಮೇಲೆ ಸೇರಿಸುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು, ಎರಡು ಥ್ರೆಡ್ ಒಟ್ಟಿಗೆ ಕೇಳಿದರೆ ಎರಡಕ್ಕೂ ‘ಇಲ್ಲ’ ಎಂದೇ ಉತ್ತರ.

ಎಕ್ಸೆಪ್ಶನ್ (ಕೋಡ್‌ನಲ್ಲಿ ಏಳುವ ಎರರ್) ಹಿಡಿಯುವ ಜಾಗದ ಬಗ್ಗೆ ಹೇಳಲೇಬೇಕು, ಟೀಮ್‌ಗೆ ಸೇರುವ ಪ್ರತಿಯೊಬ್ಬರೂ ಇಲ್ಲೇ ಎಡವುತ್ತಾರೆ. ಟ್ರಾನ್ಸಾಕ್ಷನಲ್ ಮೆಥಡ್ ಒಳಗೆ ಸೇವ್ ಸುತ್ತ ಟ್ರೈ-ಕ್ಯಾಚ್ ಹಾಕಿದರೆ ಐಡಿಯನ್ನು ಡೇಟಾಬೇಸಿನ ಸೀಕ್ವೆನ್ಸ್‌ನಿಂದ ಮೊದಲೇ ಪಡೆಯುವಲ್ಲಿ ಅದು ಏನನ್ನೂ ಹಿಡಿಯುವುದಿಲ್ಲ. ಎಸ್‌ಕ್ಯೂಎಲ್ ಹೋಗುವುದು ಫ್ಲಶ್‌ನಲ್ಲಿ, ಬಹುಪಾಲು ಕಮಿಟ್ ಹೊತ್ತಿಗೆ, ಅಷ್ಟರಲ್ಲಿ ನಿಮ್ಮ ಕ್ಯಾಚ್ ದಾಟಿ ಹೋಗಿರುತ್ತದೆ. ಸೇವ್ ಆ್ಯಂಡ್ ಫ್ಲಶ್ ಬಳಸಿ ಒಳಗೇ ಹಿಡಿದರೂ ಉಪಯೋಗವಿಲ್ಲ: ನಡುವೆ ಮರಳಲು ಸೇವ್‌ಪಾಯಿಂಟ್ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಆ ಟ್ರಾನ್ಸಾಕ್ಷನ್‌ನಲ್ಲಿ ರೋಲ್‌ಬ್ಯಾಕ್ ತನಕ (ಮಾಡಿದ್ದೆಲ್ಲ ರದ್ದಾಗುವ ತನಕ) ಮುಂದಿನ ಯಾವ ಕ್ವೆರಿಯನ್ನೂ ಒಪ್ಪುವುದಿಲ್ಲ, ಟ್ರಾನ್ಸಾಕ್ಷನ್ ನೋಡಿಕೊಳ್ಳುವ ಸ್ಪ್ರಿಂಗ್ ಫ್ರೇಮ್‌ವರ್ಕ್ ಅದಕ್ಕೆ ರೋಲ್‌ಬ್ಯಾಕ್ ಓನ್ಲಿ ಎಂದು ಗುರುತು ಹಾಕಿರುತ್ತದೆ, ಎಕ್ಸೆಪ್ಶನ್ ಕಂಡ ಹೈಬರ್ನೇಟ್ ಸೆಶನ್ ಅನ್ನು ಮತ್ತೆ ನಂಬುವ ಹಾಗಿಲ್ಲ. ಟ್ರಾನ್ಸಾಕ್ಷನ್‌ನ ಹೊರಗೆ, ಅದನ್ನು ಕರೆಯುವ ಕಡೆ ಹಿಡಿಯಿರಿ. ಮತ್ತೆ ಪ್ರಯತ್ನಿಸಬೇಕಿದ್ದರೆ ಹೊಸ ಟ್ರಾನ್ಸಾಕ್ಷನ್, ಹೊಸದಾಗಿ ಓದಿದ ಆಬ್ಜೆಕ್ಟ್.

ಹಿಡಿದ ಮೇಲೆ ಯಾವ ಕಾನ್‌ಸ್ಟ್ರೇಂಟ್ ಎಂದು ಹೆಸರು ನೋಡಿ ಸಂದೇಶ ಕೊಡಿ. ಅದಕ್ಕಾಗಿ ಪ್ರತಿ ಕಾನ್‌ಸ್ಟ್ರೇಂಟಿಗೆ ಕೈಯಾರೆ ಹೆಸರಿಡಬೇಕು, ಹೈಬರ್ನೇಟ್ ತಾನೇ ಹುಟ್ಟಿಸುವ ಅಕ್ಷರಗಳ ರಾಶಿಯಿಂದ ಏನೂ ತಿಳಿಯದು. ‘ಈ ಲಾಟ್‌ನಲ್ಲಿ ಈ ಸಂಖ್ಯೆಯ ಚೀಲ ಆಗಲೇ ಇದೆ’ ಎಂಬ ಸಾಲು ಅವತ್ತು ಸ್ಕ್ರೀನ್ ಮೇಲೆ ಬಂದಿದ್ದರೆ ಗುಮಾಸ್ತರೇ ‘ಇದ್ದೇ ಇರ್ತೈತಲ್ಲ ಸಾರ್, ತಿದ್ತಾ ಇರೋದು’ ಎಂದು ನಮಗೆ ದಾರಿ ತೋರಿಸುತ್ತಿದ್ದರು.

ಲಾಟ್-ತೂಕದ ಸಂಬಂಧ ಬರೆಯುವಾಗ ಫಾರಿನ್ ಕೀ ಇರುವ ತೂಕದ ಕಡೆಯೇ ಒಡೆತನ. ಲಾಟ್ ಕಡೆ ಮ್ಯಾಪ್ಡ್ ಬೈ, ಅಂದರೆ ಒಡೆತನ ಆ ಕಡೆ ಇದೆ ಎಂಬ ಸೂಚನೆ. ಲಿಸ್ಟಿಗೆ ಸೇರಿಸುವ ಮೆಥಡ್‌ನಲ್ಲೇ ತೂಕದ ಸಾಲಿಗೆ ಲಾಟ್ ಸೆಟ್ ಆಗಲಿ, ಮರೆತರೆ ಲಾಟ್ ಐಡಿ ನಲ್ (ಖಾಲಿ) ಆಗಿ 23502, ಅಂದರೆ ನಾಟ್ ನಲ್ ಉಲ್ಲಂಘನೆ. ಒಂದಕ್ಕೆ ಮಾಡಿದ್ದನ್ನು ಅದಕ್ಕೆ ಸೇರಿದವಕ್ಕೂ ಮಾಡುವ ಕ್ಯಾಸ್ಕೇಡ್ ಲಾಟ್‌ನಿಂದ ತೂಕದ ಕಡೆಗೆ ಮಾತ್ರ. ಲಾಟ್‌ನಿಂದ ಖರೀದಿದಾರರ ಕಡೆಗೆ ಕ್ಯಾಸ್ಕೇಡ್ ಆಲ್ ಹಾಕಿದ್ದ ಕೋಡ್ ನಮ್ಮಲ್ಲೂ ಇತ್ತು. ಒಂದು ಲಾಟ್ ಅಳಿಸಲು ಹೋದರೆ ಖರೀದಿದಾರರನ್ನೇ ಅಳಿಸಲು ಹೊರಡುತ್ತಿತ್ತು. ಬೇರೆ ಲಾಟ್‌ಗಳ ಫಾರಿನ್ ಕೀ ತಡೆದದ್ದರಿಂದ ಉಳಿದೆವು. ಆ ಖರೀದಿದಾರರದ್ದು ಅದೊಂದೇ ಲಾಟ್ ಆಗಿದ್ದರೆ ಅವರ ಹೆಸರೇ ದಾಖಲೆಯಿಂದ ಹೋಗುತ್ತಿತ್ತು.

ಇಬ್ಬರು ಒಂದೇ ಲಾಟ್ ತಿದ್ದುವುದನ್ನು ತಡೆಯಲು ಸಾಲು ಬದಲಾದಾಗಲೆಲ್ಲ ಏರುವ ವರ್ಶನ್ ಕಾಲಂ ಇದೆ ಎಂದು ನೆಮ್ಮದಿಯಾಗಿರಬೇಡಿ. ಮ್ಯಾಪ್ಡ್ ಬೈ ಲಿಸ್ಟ್‌ನಲ್ಲಿ ಸಾಲು ಬದಲಾದರೆ ಲಾಟ್‌ನ ವರ್ಶನ್ ಏರುವುದಿಲ್ಲ. ಲಾಟ್ ಓದುವಾಗಲೇ, ವರ್ಶನ್ ಅನ್ನು ಬಲವಂತವಾಗಿ ಏರಿಸುವ ಆಪ್ಟಿಮಿಸ್ಟಿಕ್ ಫೋರ್ಸ್ ಇನ್‌ಕ್ರಿಮೆಂಟ್ ಲಾಕ್ ಕೇಳಬೇಕು.

ಇಷ್ಟೆಲ್ಲ ಇದ್ದೂ ಟೆಸ್ಟ್‌ಗಳು ಹಸಿರಾಗಿದ್ದದ್ದು ಹೇಗೆ? ಟೆಸ್ಟ್ ಮುಗಿದೊಡನೆ ಸ್ಪ್ರಿಂಗ್ ರೋಲ್‌ಬ್ಯಾಕ್ ಮಾಡುತ್ತದೆ. ನಡುವೆ ಫ್ಲಶ್ ಕರೆಯದಿದ್ದರೆ ಆ ಇನ್ಸರ್ಟ್, ಡಿಲೀಟ್‌ಗಳು ಡೇಟಾಬೇಸ್ ಬಾಗಿಲಿಗೂ ಹೋಗುವುದಿಲ್ಲ. ನಮ್ಮ ತಿದ್ದುಪಡಿ ಟೆಸ್ಟ್ ಮೆಮೊರಿಯಲ್ಲಿದ್ದ ಲಿಸ್ಟನ್ನೇ ಎಣಿಸಿ 40 ಎಂದು ಒಪ್ಪಿಕೊಳ್ಳುತ್ತಿತ್ತು. ಈಗ ಅದು ಕಂಟೈನರ್‌ನಲ್ಲಿ ಎಬ್ಬಿಸಿದ ನಿಜವಾದ ಪೋಸ್ಟ್‌ಗ್ರೆಸ್ ಮೇಲೆ ಓಡುತ್ತದೆ: 40 ಚೀಲ ಸೇವ್, ಫ್ಲಶ್, ಸೆಶನ್ ಕ್ಲಿಯರ್, ಮತ್ತೆ ಓದು, 17ನೆಯದನ್ನು ತಿದ್ದು, ಫ್ಲಶ್, ಕ್ಲಿಯರ್, ಮತ್ತೆ ಓದಿ ಐಡಿಗಳು ಮೊದಲಿನವೇ ಎಂದು ನೋಡು. ಪ್ರೊಡಕ್ಷನ್‌ನಲ್ಲಿ ಆಲ್ಟರ್ ಓಡಿಸುವ ಅನುಮತಿಯನ್ನು ನಮ್ಮೆಲ್ಲರಿಂದ ತೆಗೆಸಿ, ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾವಣೆ, ಅದನ್ನು ಕಡತವಾಗಿ ಬರೆದಿಟ್ಟು ಓಡಿಸುವ ಫ್ಲೈವೇ ಮೈಗ್ರೇಶನ್‌ನಲ್ಲೇ ಬರಬೇಕೆಂದು ಮಾಡಿಸಿದ್ದೇವೆ. ಇದಕ್ಕೆ ಮ್ಯಾನೇಜ್‌ಮೆಂಟ್ ಒಪ್ಪಲು ಎರಡು ತಿಂಗಳು ತೆಗೆದುಕೊಂಡಿತು. ತುರ್ತು ಬಂದಾಗ ಏನು ಮಾಡುತ್ತೀರಿ ಎಂದು ಪ್ರತಿ ಮೀಟಿಂಗ್‌ನಲ್ಲೂ ಕೇಳಿದರು. ಆ ಮೂರು ಲಾಟ್‌ಗಳ ಪಟ್ಟಿಗಳನ್ನು ಮೇಜಿನ ಮೇಲಿಟ್ಟ ದಿನ ಸಹಿ ಬಿತ್ತು.

ಕ್ಲಿಯರ್ ಮಾಡಿ ಸೇರಿಸುವ ಕೋಡ್ ಹಮಾಲಿ ವಿವರದಲ್ಲೂ ಮುಂಗಡದ ಸಾಲುಗಳಲ್ಲೂ ಇನ್ನೂ ಇದೆ. ಅಕ್ಟೋಬರ್‌ಗೆ ಹೊಸ ಮೆಕ್ಕೆಜೋಳ ಯಾರ್ಡಿಗೆ ಬರುತ್ತದೆ. ಅಷ್ಟರೊಳಗೆ ಅವೆರಡನ್ನೂ ಬದಲಿಸಿ ಮುಗಿಸಬೇಕು.