ಕಾಡಿನ ಬೆರ್ರಿಯ ಒಗರು ಮತ್ತು ಪ್ರಯೋಗಾಲಯದ ಪುರಾವೆ

ಫಿನ್‌ಲ್ಯಾಂಡಿಗೆ ಬಂದ ಎರಡನೆಯ ಶರತ್ಕಾಲದಲ್ಲಿ ನಾನು ಬೆರ್ರಿ ರಸಗಳ ರುಚಿ ಪರೀಕ್ಷೆಯೊಂದಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ಅಡ್ಡ ಹಲಗೆ ಹಾಕಿದ ಸಣ್ಣ ಗೂಡುಗಳು, ರಸದ ಬಣ್ಣ ಗೊತ್ತಾಗದಿರಲೆಂದು ಕೆಂಪು ದೀಪ, ಹೆಸರಿನ ಬದಲು ಮೂರಂಕಿಯ ಸಂಖ್ಯೆ ಬರೆದಿದ್ದ ಪುಟ್ಟ ಲೋಟಗಳು, ಪ್ರತಿ ಗುಟುಕಿನ ನಡುವೆ ಬಾಯಿ ತೊಳೆಯಲು ನೀರು. ಹುಳಿ ಎಷ್ಟು, ಕಹಿ ಎಷ್ಟು, ಒಗರು ಎಷ್ಟು ಎಂಬುದನ್ನು ಒಂದೊಂದು ಗೆರೆಯ ಮೇಲೆ ಗುರುತಿಸಬೇಕಿತ್ತು. ಕಹಿಯನ್ನೂ ಒಗರನ್ನೂ ಬೇರ್ಪಡಿಸಿ ಹೇಳುವುದು ಅನೇಕರಿಗೆ ಕಷ್ಟವಾಗುತ್ತದೆ, ಅದಕ್ಕಾಗಿಯೇ ಮೊದಲು ಅಭ್ಯಾಸ ಮಾಡಿಸುತ್ತೇವೆ ಎಂದು ಪರೀಕ್ಷೆ ನಡೆಸುತ್ತಿದ್ದವರು ವಿವರಿಸಿದರು. ನನಗೆ ಆ ಅಭ್ಯಾಸ ಬೇಕಾಗಲಿಲ್ಲ. ಕನ್ನಡದಲ್ಲಿ ಬೆಳೆದವರಿಗೆ ಒಗರು ಎಂಬುದು ಸ್ವತಂತ್ರವಾದ ಒಂದು ಪದ, ಸ್ವತಂತ್ರವಾದ ಒಂದು ಅನುಭವ. ಆದರೆ ಆ ಅನುಭವದ ಹಿಂದೆ ಎಷ್ಟು ರಸಾಯನಶಾಸ್ತ್ರವಿದೆ, ಅದೇ ರಸಾಯನಶಾಸ್ತ್ರ ಆರೋಗ್ಯದ ಪ್ರಯೋಗಗಳಿಗೆ ಎಷ್ಟು ತೊಡಕು ತರುತ್ತದೆ ಎಂಬುದು ಆ ದಿನದ ನಂತರ ಓದುತ್ತಾ ಹೋದಂತೆ ನನಗೆ ಅರಿವಾಯಿತು.

ಒಗರು ನಿಜವಾಗಿ ರುಚಿಯಲ್ಲ, ಸ್ಪರ್ಶ. ಬೆರ್ರಿಯಲ್ಲಿರುವ ಪ್ರೊಆಂಥೋಸಯಾನಿಡಿನ್‌ಗಳಂತಹ ಪಾಲಿಫಿನಾಲ್‌ಗಳು ಎಂಬ ಸಸ್ಯಜನ್ಯ ಸಂಯುಕ್ತಗಳು ಜೊಲ್ಲಿನಲ್ಲಿರುವ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವುಗಳನ್ನು ಗರಣೆಗಟ್ಟಿಸುತ್ತವೆ. ಬಾಯೊಳಗಿನ ನುಣುಪು ಹೋಗಿ ನಾಲಿಗೆ ತರಿತರಿಯಾಗುತ್ತದೆ. ಆರೋಗ್ಯಕ್ಕೆ ಒಳ್ಳೆಯದಿರಬಹುದೆಂದು ವಿಜ್ಞಾನಿಗಳು ಪರೀಕ್ಷಿಸುತ್ತಿರುವ ಸಂಯುಕ್ತಗಳಲ್ಲಿ ಬಹಳಷ್ಟು ಇದೇ ಗುಂಪಿಗೆ ಸೇರಿವೆ. ಹಾಗಾಗಿ ಬೆರ್ರಿಯ ಗುಣವನ್ನು ಅಳೆಯುವ ಸಂಶೋಧನೆ ಮತ್ತು ಬೆರ್ರಿಯ ರುಚಿಯನ್ನು ಅಳೆಯುವ ಸಂಶೋಧನೆ ಬೇರೆ ಬೇರೆ ಕೋಣೆಗಳಲ್ಲಿ ನಡೆದರೂ ಅವು ಒಂದೇ ಪ್ರಶ್ನೆಯ ಎರಡು ಅರ್ಧಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನ ಉಗುಳುವ ಹಣ್ಣಿನಿಂದ ಯಾರಿಗೂ ಪ್ರಯೋಜನವಿಲ್ಲ. ಜನ ನುಂಗುವಂತೆ ಸಕ್ಕರೆ ಸುರಿದ ಹಣ್ಣು ಪ್ರಯೋಗದಲ್ಲಿ ಪರೀಕ್ಷಿಸಿದ ಹಣ್ಣೇ ಅಲ್ಲ.

ಬೆರ್ರಿ ಎಂಬ ಒಂದೇ ಪದದಡಿ ನಾವು ಬಹಳ ಭಿನ್ನವಾದ ಹಣ್ಣುಗಳನ್ನು ಸೇರಿಸುತ್ತೇವೆ. ಇಲ್ಲಿನವರು ಮುಸ್ತಿಕ್ಕ ಎನ್ನುವ ಕಾಡು ಬಿಲ್‌ಬೆರ್ರಿಯನ್ನು ಕಚ್ಚಿದರೆ ಒಳಗಿನ ತಿರುಳೂ ಕಡುನೇರಳೆ, ಬೆರಳೂ ಹಲ್ಲೂ ನೇರಳೆ. ತೋಟದಲ್ಲಿ ಬೆಳೆಸಿದ ಬ್ಲೂಬೆರ್ರಿಯಲ್ಲಿ ಬಣ್ಣ ಸಿಪ್ಪೆಗಷ್ಟೇ ಸೀಮಿತ, ತಿರುಳು ಬಿಳಿಚು. ಆ ಬಣ್ಣವನ್ನು ಕೊಡುವ ಆಂಥೋಸಯಾನಿನ್‌ಗಳಿಗೆ ತಮ್ಮದೇ ಆದ ರುಚಿ ಅಷ್ಟಾಗಿ ಇಲ್ಲವೆಂಬುದು ನನಗೆ ಅಚ್ಚರಿ ತಂದ ಸಂಗತಿ. ಕೆಂಪು ಲಿಂಗನ್‌ಬೆರ್ರಿಯಲ್ಲಿ ಒಗರಿನ ಪ್ರೊಆಂಥೋಸಯಾನಿಡಿನ್‌ಗಳೂ ಬೆಂಜೋಯಿಕ್ ಆಮ್ಲವೂ ಹೇರಳವಾಗಿವೆ; ಆ ಆಮ್ಲದಿಂದಾಗಿಯೇ ಅದನ್ನು ಸಕ್ಕರೆಯಿಲ್ಲದೆ ಬರೀ ನೀರಿನಲ್ಲಿ ಮುಳುಗಿಸಿಟ್ಟರೂ ಚಳಿಗಾಲವಿಡೀ ಕೆಡದೆ ಉಳಿಯುತ್ತದೆ. ಜೌಗು ನೆಲದಲ್ಲಿ ಬೆಳೆಯುವ, ಫಿನ್‌ಲ್ಯಾಂಡಿನ 2 ಯೂರೋ ನಾಣ್ಯದ ಮೇಲೂ ಅಚ್ಚಾಗಿರುವ ಹೊಂಬಣ್ಣದ ಕ್ಲೌಡ್‌ಬೆರ್ರಿಯಲ್ಲಿ ಆಂಥೋಸಯಾನಿನ್ ತೀರಾ ಕಡಿಮೆ, ಎಲ್ಲಜಿಟ್ಯಾನಿನ್ ಎಂಬ ಇನ್ನೊಂದು ಬಗೆಯ ಪಾಲಿಫಿನಾಲ್ ಹೆಚ್ಚು. ಕರಾವಳಿಯ ಮುಳ್ಳುಗಿಡದ ಸೀ ಬಕ್‌ಥಾರ್ನ್, ಅಂದರೆ ತ್ಯುರ್ನಿ, ಹಣ್ಣಾಗಿಯೂ ಎಣ್ಣೆಯನ್ನು ಹೊತ್ತಿರುತ್ತದೆ. ಬೆರ್ರಿ ಒಳ್ಳೆಯದು ಎಂಬ ಮಾತನ್ನು ಕೇಳಿದಾಗಲೆಲ್ಲ ಯಾವ ಬೆರ್ರಿ ಎಂದು ಕೇಳಲೇಬೇಕಾಗುತ್ತದೆ.

ರುಚಿಯ ಕುರಿತು ತುರ್ಕು ವಿಶ್ವವಿದ್ಯಾಲಯದಲ್ಲಿ ನಡೆದಿರುವ ಕೆಲಸ ಬಹಳ ಸೂಕ್ಷ್ಮವಾದದ್ದು. ಆಸ್ಕರ್ ಲಾಕ್ಸೊನೆನ್ ಅವರು 2011ರಲ್ಲಿ ಅಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯವೇ ಒಗರಿನ ಸಂಯುಕ್ತಗಳು. ಬ್ಲ್ಯಾಕ್‌ಕರಂಟ್ ಹಣ್ಣಿನ ರಸದ ಮೇಲೆ ಅಲ್ಲಿ ನಡೆದ ಅಧ್ಯಯನಗಳು ತೋರಿಸಿದ ಒಂದು ಅಂಶ ನನಗೆ ಮುಖ್ಯವೆನಿಸುತ್ತದೆ: ಹೆಚ್ಚು ರಸ ಬರಲೆಂದು ಕಿಣ್ವ ಬೆರೆಸಿ ಹಿಂಡಿದರೆ ಸಿಪ್ಪೆಯಲ್ಲಿದ್ದ ಫಿನಾಲಿಕ್ ಸಂಯುಕ್ತಗಳೂ ರಸಕ್ಕೆ ಇಳಿದು ಅದು ಹೆಚ್ಚು ಹುಳಿಯಾಗಿ, ಹೆಚ್ಚು ಒಗರಾಗಿ ತೋರುತ್ತದೆ; ಕಿಣ್ವವಿಲ್ಲದೆ ಹಿಂಡಿದ ರಸ ಸಿಹಿ ಮತ್ತು ಹಿತ, ಆದರೆ ಅದರಲ್ಲಿ ಆ ಸಂಯುಕ್ತಗಳೂ ಕಡಿಮೆ. ಸೀ ಬಕ್‌ಥಾರ್ನ್‌ನಲ್ಲಿ ಹುಳಿಗೆ ಮುಖ್ಯವಾಗಿ ಮ್ಯಾಲಿಕ್ ಆಮ್ಲ ಕಾರಣವಾದರೆ, ಕಹಿಗೆ ಎಥಿಲ್ ಗ್ಲುಕೋಸೈಡ್ ಎಂಬ ವಸ್ತುವಿನ ಪಾಲೂ ಇದೆಯೆಂದು ಅದೇ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಬ್ಯಾಕ್ಟೀರಿಯಾ ಹುದುಗುವಿಕೆಯಿಂದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸಿ ಹುಳಿ ತಗ್ಗಿಸುವ ಪ್ರಯತ್ನಗಳೂ ಅಲ್ಲಿ ನಡೆದಿವೆ. ಸಕ್ಕರೆಯನ್ನು ಸುರಿಯದೆ ಹುಳಿಯನ್ನು ಪಳಗಿಸುವ ಈ ದಾರಿ ನನಗೆ ಬಹಳ ಇಷ್ಟ.

ಇದರ ಮೇಲೆ ಪ್ರತಿಯೊಬ್ಬರ ನಾಲಿಗೆಯೂ ಬೇರೆ. ಕಹಿಯನ್ನು ಗ್ರಹಿಸುವ ಟಿಎಎಸ್‌2ಆರ್‌38 ಎಂಬ ಜೀನಿನ ರೂಪ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ ಕೆಲವು ಕಹಿ ವಸ್ತುಗಳು ಒಬ್ಬರಿಗೆ ಅಸಹನೀಯ, ಇನ್ನೊಬ್ಬರಿಗೆ ಸಪ್ಪೆ.

ಈಗ ಆರೋಗ್ಯದ ಪುರಾವೆಗೆ ಬರುತ್ತೇನೆ. ಮೊದಲು ಓದಬೇಕಾದದ್ದು ಊಲು ನಗರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೆಂದು ನಾನು ಭಾವಿಸುತ್ತೇನೆ. ಮೂತ್ರನಾಳದ ಸೋಂಕಿಗೆ ಒಳಗಾಗಿದ್ದ 150 ಮಹಿಳೆಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 50 ಮಿಲಿಲೀಟರ್ ಕ್ರ್ಯಾನ್‌ಬೆರ್ರಿ ಮತ್ತು ಲಿಂಗನ್‌ಬೆರ್ರಿಯ ಸಾರೀಕೃತ ರಸವನ್ನು ಆರು ತಿಂಗಳು ಕೊಡಲಾಯಿತು. ಇನ್ನೊಂದಕ್ಕೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರುವ ಪಾನೀಯ, ಮೂರನೆಯದಕ್ಕೆ ಏನೂ ಇಲ್ಲ. ಆರು ತಿಂಗಳಲ್ಲಿ ಸೋಂಕು ಮರುಕಳಿಸಿದ್ದು ರಸ ಕುಡಿದವರಲ್ಲಿ ಶೇಕಡಾ 16, ಏನೂ ಕೊಡದವರಲ್ಲಿ ಶೇಕಡಾ 36, ಲ್ಯಾಕ್ಟೋಬ್ಯಾಸಿಲಸ್ ಗುಂಪಿನಲ್ಲಿ ಶೇಕಡಾ 39. ಅಂಕಿಗಳು ಚೆನ್ನಾಗಿವೆ, ಆದರೆ ತಾವು ಏನು ಕುಡಿಯುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕ್ರ್ಯಾನ್‌ಬೆರ್ರಿಯ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2012ರ ಸಮೀಕ್ಷೆ ಪರಿಣಾಮ ಹಿಂದೆ ಅಂದುಕೊಂಡಷ್ಟಿಲ್ಲ ಎಂದಿತು. 50 ಅಧ್ಯಯನಗಳನ್ನು ಒಟ್ಟುಗೂಡಿಸಿದ ಅದೇ ಸಂಸ್ಥೆಯ 2023ರ ಸಮೀಕ್ಷೆ ಮತ್ತೆ ಮತ್ತೆ ಸೋಂಕು ಬರುವ ಮಹಿಳೆಯರಲ್ಲಿ ಅಪಾಯ ತಗ್ಗುತ್ತದೆ ಎಂಬ ತೀರ್ಮಾನಕ್ಕೆ ಬಂತು. ಒಂದು ದಶಕದಲ್ಲಿ ತೀರ್ಮಾನ ತಿರುಗಿದ್ದನ್ನು ಕಂಡು ವಿಜ್ಞಾನದ ಮೇಲೆ ಸಿಟ್ಟಾಗುವವರಿದ್ದಾರೆ. ನನಗಂತೂ ಪುರಾವೆ ಸೇರುತ್ತಾ ಹೋದಂತೆ ಮಾತನ್ನು ತಿದ್ದಿಕೊಳ್ಳುವ ಆ ಪ್ರಾಮಾಣಿಕತೆಯೇ ಧೈರ್ಯ ಕೊಡುತ್ತದೆ.

ಹೆಲ್ಸಿಂಕಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 72 ಮಧ್ಯವಯಸ್ಕರು ಎಂಟು ವಾರ ಭಾಗವಹಿಸಿದ್ದರು. ದಿನಕ್ಕೆ ಎರಡು ಪಾಲು ಬೆರ್ರಿ ತಿಂದವರಲ್ಲಿ ‘ಒಳ್ಳೆಯದು’ ಎನ್ನಲಾಗುವ ಎಚ್‌ಡಿಎಲ್ ಕೊಲೆಸ್ಟರಾಲ್ ಶೇಕಡಾ 5.2ರಷ್ಟು ಏರಿತು, ಉಳಿದವರಲ್ಲಿ ಶೇಕಡಾ 0.6ರಷ್ಟು ಮಾತ್ರ. ರಕ್ತದೊತ್ತಡದ ಇಳಿಕೆ ಸರಾಸರಿಯಲ್ಲಿ ಚಿಕ್ಕದು, ಮೊದಲೇ ಒತ್ತಡ ಹೆಚ್ಚಿದ್ದವರಲ್ಲಿ ದೊಡ್ಡದು. ಅದೇ ವರ್ಷ ತುರ್ಕುವಿನಿಂದ ಬಂದ ಸೀ ಬಕ್‌ಥಾರ್ನ್ ಪ್ರಯೋಗವನ್ನು ನಾನು ಹೆಚ್ಚು ಗೌರವದಿಂದ ನೋಡುತ್ತೇನೆ, ಏಕೆಂದರೆ ಅದು ತನ್ನ ಮುಖ್ಯ ನಿರೀಕ್ಷೆ ಸುಳ್ಳಾದದ್ದನ್ನು ನೇರವಾಗಿ ಹೇಳಿತು. ಆರೋಗ್ಯವಂತರಾದ 254 ಜನ 90 ದಿನ ದಿನಕ್ಕೆ 28 ಗ್ರಾಂ ಹೆಪ್ಪುಗಟ್ಟಿಸಿದ ಸೀ ಬಕ್‌ಥಾರ್ನ್ ತಿರುಳನ್ನೋ ಅದರಂತೆ ಕಾಣುವ ಪ್ಲಸೀಬೊವನ್ನೋ, ಅಂದರೆ ಹೋಲಿಕೆಗಾಗಿ ಕೊಡುವ ಹುಸಿ ತಿರುಳನ್ನೋ, ತಿಂದರು. ನೆಗಡಿ ತಡೆಯುತ್ತದೆಯೇ ಎಂಬುದು ಪ್ರಶ್ನೆ. ತಡೆಯಲಿಲ್ಲ ಎಂಬುದು ಉತ್ತರ. ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಮಾತ್ರ ಅಲ್ಪ ಪ್ರಮಾಣದಲ್ಲಿ ಇಳಿದಿತ್ತು. ಜಾಹೀರಾತಿನವರು ಈ ಕೊನೆಯ ವಾಕ್ಯವನ್ನಷ್ಟೇ ಎತ್ತಿಕೊಂಡು ಅದರ ಹಿಂದಿನದನ್ನು ಬಿಟ್ಟುಬಿಟ್ಟರೆ ಅದು ಓದುಗರಿಗೆ ಮಾಡುವ ಮೋಸ. ಅದೇ ಗಿಡದ ಎಣ್ಣೆಯನ್ನು ದಿನಕ್ಕೆ 2 ಗ್ರಾಂನಂತೆ ಮೂರು ತಿಂಗಳು ಕೊಟ್ಟು ಕಣ್ಣಿನ ಶುಷ್ಕತೆಯ ಮೇಲೆ ನಡೆಸಿದ 2010ರ ಪ್ರಯೋಗದಲ್ಲಿ ಚಳಿಗಾಲದ ಕಡೆಗೆ ಕಣ್ಣೀರಿನ ಸಾಂದ್ರತೆ ಏರುವುದು ಕಡಿಮೆಯಾಗಿತ್ತು.

ಎರಡನೆಯ ಮಹಾಯುದ್ಧದ ಬ್ರಿಟಿಷ್ ವೈಮಾನಿಕರು ಬಿಲ್‌ಬೆರ್ರಿ ಜಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ಕಾಣುತ್ತಿದ್ದರೆಂಬ ಕಥೆಯನ್ನು ಇಂದಿಗೂ ಹಲವರು ಹೇಳುತ್ತಾರೆ. 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಿನವರೆಗಿನ ಪ್ರಯೋಗಗಳನ್ನು ಜಾಲಾಡಿ, ಕಟ್ಟುನಿಟ್ಟಾಗಿ ನಡೆದವು ಆರೋಗ್ಯವಂತರ ರಾತ್ರಿದೃಷ್ಟಿ ಸುಧಾರಿಸುವುದನ್ನು ಬೆಂಬಲಿಸುವುದಿಲ್ಲವೆಂದು ಕಂಡುಕೊಂಡಿತು.

ರುಚಿ ಮತ್ತು ಆರೋಗ್ಯ ಎರಡೂ ಒಂದೇ ಬಟ್ಟಲಲ್ಲಿ ಕೂಡುವುದನ್ನು ನಾನು ಕಂಡಿದ್ದು ಕುಒಪಿಯೊ ನಗರದಲ್ಲಿ ರೀಟ್ಟಾ ತೊರ್ರೊನೆನ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಹುಳಿ ಬೆರ್ರಿಯನ್ನು ಜನ ಸಕ್ಕರೆಯೊಂದಿಗೇ ತಿನ್ನುತ್ತಾರೆ, ಹಾಗಿದ್ದರೆ ಸಕ್ಕರೆಯೊಂದಿಗೇ ಪರೀಕ್ಷಿಸೋಣ ಎಂಬ ನೇರ ಯೋಚನೆ ಅದರ ಹಿಂದೆ ಇದ್ದಂತೆ ನನಗೆ ತೋರುತ್ತದೆ. ಆರೋಗ್ಯವಂತರಾದ 12 ಜನ ಬಿಲ್‌ಬೆರ್ರಿ, ಬ್ಲ್ಯಾಕ್‌ಕರಂಟ್, ಕ್ರ್ಯಾನ್‌ಬೆರ್ರಿ ಮತ್ತು ಸ್ಟ್ರಾಬೆರ್ರಿ ಸೇರಿಸಿ ಅರೆದ 150 ಗ್ರಾಂ ತಿರುಳನ್ನು 35 ಗ್ರಾಂ ಸಕ್ಕರೆಯೊಂದಿಗೆ ತಿಂದರು. ಇನ್ನೊಂದು ದಿನ ಬೆರ್ರಿಯಿಲ್ಲದೆ ಅಷ್ಟೇ ಶರ್ಕರಾಂಶ. ಬೆರ್ರಿ ತಿಂದ ದಿನ ರಕ್ತದ ಗ್ಲೂಕೋಸ್ ಮೊದಲ ಅರ್ಧ ಗಂಟೆಯಲ್ಲಿ ಕಡಿಮೆ ಇತ್ತು, 150ನೆಯ ನಿಮಿಷದಲ್ಲಿ ತುಸು ಹೆಚ್ಚು. ಅಂದರೆ ಏರಿಕೆ ಥಟ್ಟನೆ ಚಿಮ್ಮದೆ ನಿಧಾನವಾಗಿ ಹರಡಿಕೊಂಡಿತ್ತು. ಇದು ಒಂದು ಹೊತ್ತಿನ ಊಟದ ಮಾತು. 12 ಜನರ ಒಂದು ಬೆಳಗಿನಿಂದ ಮಧುಮೇಹದ ಬಗ್ಗೆ ಏನನ್ನೂ ಘೋಷಿಸಲಾಗದು. ಆದರೂ ಪ್ರಶ್ನೆ ಕೇಳಿದ ರೀತಿ ಸರಿಯಾಗಿತ್ತು.

ಇಂತಹ ಪ್ರಯೋಗಗಳ ದೊಡ್ಡ ಸಂಕಷ್ಟ ಪ್ಲಸೀಬೊ. ಮಾತ್ರೆಯನ್ನು ಅನುಕರಿಸಬಹುದು, ಹಲ್ಲನ್ನೇ ನೇರಳೆಯಾಗಿಸುವ ಹಣ್ಣನ್ನು, ನಾಲಿಗೆಯನ್ನು ತರಿಯಾಗಿಸುವ ರಸವನ್ನು ಅದರ ಸಂಯುಕ್ತಗಳಿಲ್ಲದೆ ಅನುಕರಿಸುವುದು ಹೇಗೆ? ಒಗರನ್ನು ಅನುಕರಿಸಲು ಇನ್ನೊಂದು ಟ್ಯಾನಿನ್ ಹಾಕಿದರೆ ಪ್ಲಸೀಬೊ ನಿಷ್ಕ್ರಿಯವಾಗಿ ಉಳಿಯುವುದಿಲ್ಲ. ಹಾಕದಿದ್ದರೆ ಮೊದಲ ಗುಟುಕಿಗೇ ಗುಟ್ಟು ಬಯಲಾಗುತ್ತದೆ. ಪ್ರಮಾಣವೂ ಇನ್ನೊಂದು ತೊಡಕು. ಕುಒಪಿಯೊದ ಮತ್ತೊಂದು ಅಧ್ಯಯನದಲ್ಲಿ ದಿನಕ್ಕೆ 400 ಗ್ರಾಂ ತಾಜಾ ಬಿಲ್‌ಬೆರ್ರಿಗೆ ಸಮನಾದಷ್ಟನ್ನು ಎಂಟು ವಾರ ತಿನ್ನಿಸಲಾಗಿತ್ತು. ಉರಿಯೂತದ ಸೂಚಕಗಳು ಇಳಿದದ್ದು ನಿಜ, ಆದರೆ ಬೆರ್ರಿ ತಿಂದ ಗುಂಪಿನಲ್ಲಿದ್ದವರು 15 ಜನ, ಮತ್ತು ದಿನಾ 400 ಗ್ರಾಂ ತಿನ್ನುವವರನ್ನು ನಾನು ಇಲ್ಲಿ ಕಂಡಿಲ್ಲ. ದೇಹದೊಳಗೂ ವ್ಯತ್ಯಾಸ ಮುಂದುವರಿಯುತ್ತದೆ: ಕ್ಲೌಡ್‌ಬೆರ್ರಿಯ ಎಲ್ಲಜಿಟ್ಯಾನಿನ್‌ಗಳನ್ನು ಯುರೋಲಿಥಿನ್‌ಗಳೆಂಬ ಬೇರೆ ಸಂಯುಕ್ತಗಳಾಗಿ ಪರಿವರ್ತಿಸುವುದು ಕರುಳಿನ ಬ್ಯಾಕ್ಟೀರಿಯಾಗಳು, ಆ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಒಂದೇ ತರದವಲ್ಲ. ನಾಲಿಗೆಯಂತೆಯೇ ಕರುಳೂ ಅವರವರದು.

ರುಚಿ ಪರೀಕ್ಷೆಯ ನಂತರ ನಾನು ಅಡುಗೆಮನೆಯ ತಕ್ಕಡಿಯಲ್ಲಿ 28 ಗ್ರಾಂ ಸೀ ಬಕ್‌ಥಾರ್ನ್ ತಿರುಳನ್ನು ತೂಗಿ ನೋಡಿದೆ. ಎರಡು ಚಮಚದಷ್ಟು, ಕಿತ್ತಳೆ ಬಣ್ಣ, ಮೇಲೆ ಎಣ್ಣೆಯ ಸಣ್ಣ ಹೊಳಪು. ಏನನ್ನೂ ಬೆರೆಸದೆ ತಿಂದಾಗ ದವಡೆ ಬಿಗಿಯಿತು, ಕಣ್ಣಲ್ಲಿ ನೀರು ಬಂತು. ಮರುದಿನ ಮೊಸರಿಗೆ ಕಲಸಿದೆ. ಹಾಲಿನ ಪ್ರೋಟೀನ್ ಒಗರನ್ನು ತಾನೇ ಹಿಡಿದುಕೊಂಡು ನನ್ನ ಜೊಲ್ಲನ್ನು ಬಿಟ್ಟಿತು, ಸಕ್ಕರೆಯ ಡಬ್ಬಿ ತೆರೆಯಬೇಕಾಗಲಿಲ್ಲ. ಈ ಚಳಿಗಾಲದಲ್ಲಿ ದಿನಾ ಹಾಗೆಯೇ ತಿನ್ನುತ್ತಿದ್ದೇನೆ, ನೆಗಡಿ ಬಾರದಿರಲೆಂದಲ್ಲ, ಆ ಹುಳಿ ಈಗ ಇಷ್ಟವಾಗತೊಡಗಿದೆ ಎಂಬ ಕಾರಣಕ್ಕೆ.