ಸೆನ್ಸರ್ ನೋಡ್ ಎಲ್ಲಿದೆ ಅಂತ ಹುಡುಕೋದು

ಬೆಂಕಿ ಬಿದ್ದಿದೆ ಅಂತ ಸೆನ್ಸರ್ ಹೇಳ್ತು, ಆದ್ರೆ ಆ ಸೆನ್ಸರ್ ಎಲ್ಲಿದೆ ಅಂತಾನೇ ಗೊತ್ತಿಲ್ಲ ಅಂದ್ರೆ ಏನ್ ಪ್ರಯೋಜನ? ಎಲ್ಲಾ ನೋಡ್‌ಗೂ (ಸೆನ್ಸರ್, ರೇಡಿಯೋ ಇರೋ ಪುಟ್ಟ ಸಾಧನ) ಜಿಪಿಎಸ್ ಹಾಕಿದ್ರೆ ಖರ್ಚೂ ಜಾಸ್ತಿ, ಬ್ಯಾಟರಿನೂ ಬೇಗ ಖಾಲಿ. ಅದಕ್ಕೇ ಕೆಲವು ನೋಡ್‌ಗಳ ಜಾಗ ಮಾತ್ರ ಮೊದಲೇ ಗೊತ್ತಿರುತ್ತೆ, ಅವೇ ಆಂಕರ್‌ಗಳು, ಉಳಿದವು ಸಿಗ್ನಲ್ ಎಷ್ಟು ಜೋರಾಗಿ ಬರ್ತಿದೆ ನೋಡಿ ದೂರ ಅಂದಾಜು ಮಾಡ್ತವೆ. ಗೋಡೆ, ಮರ ಅಡ್ಡ ಬಂದ್ರೆ ಆ ಅಂದಾಜೂ ಕೆಡುತ್ತೆ, ಮೂರು ಆಂಕರ್ ಸುತ್ತ ಆ ದೂರಗಳನ್ನೇ ತ್ರಿಜ್ಯ ಮಾಡಿ ಎಳೆದ ವೃತ್ತಗಳು ಒಂದೇ ಬಿಂದುವಲ್ಲಿ ಸೇರೋದೇ ಇಲ್ಲ.

ಇಲ್ಲೇ ನೋಡಿ 1995ರಲ್ಲಿ ಕೆನಡಿ ಮತ್ತೆ ಎಬರ್‌ಹಾರ್ಟ್ ಕೊಟ್ಟ ಪಾರ್ಟಿಕಲ್ ಸ್ವಾರ್ಮ್ ಅಲ್ಗಾರಿದಮ್ ನಂಗೆ ತುಂಬಾ ಇಷ್ಟ ಆಗೋದು. ನೋಡ್ ಇಲ್ಲಿರಬಹುದು, ಅಲ್ಲಿರಬಹುದು ಅಂತ ಒಂದಷ್ಟು ಊಹೆಗಳನ್ನ ಚೆಲ್ಲೋದು. ಆಂಕರ್ (0,0)ದಲ್ಲಿದೆ, ಅಳತೆ 5.5 ಮೀಟರ್ ಬಂದಿದೆ, ಒಂದು ಊಹೆ (3,4) ಅಂದ್ಕೊಳ್ಳಿ, ಅಲ್ಲಿಂದ ದೂರ 5, ವ್ಯತ್ಯಾಸ 0.5, ಅದರ ವರ್ಗ 0.25, ಹೀಗೇ ಎಲ್ಲಾ ಆಂಕರ್‌ಗೂ ಕೂಡಿಸ್ತಾ ಹೋದ್ರೆ ಬರೋದೇ ಆ ಊಹೆಯ ತಪ್ಪು. ಆಮೇಲೆ ಪ್ರತಿ ಊಹೆನೂ ತಾನು ಕಂಡ ಬೆಸ್ಟ್, ಅಂದ್ರೆ ತಪ್ಪು ಅತಿ ಕಡಿಮೆ ಇರೋ, ಜಾಗದ ಕಡೆಗೂ ಗುಂಪು ಕಂಡ ಬೆಸ್ಟ್ ಕಡೆಗೂ ಜರುಗ್ತಾ ಹೋಗುತ್ತೆ.

ಆದ್ರೆ ಆಂಕರ್‌ಗಳು ಒಂದೇ ಗೆರೆ ಮೇಲಿದ್ರೆ ಗೆರೆಯ ಆ ಕಡೆ ಈ ಕಡೆ ಎರಡು ಜಾಗಕ್ಕೂ ಒಂದೇ ತಪ್ಪು ಬರುತ್ತೆ, ಆಗ ಯಾವ ಅಲ್ಗಾರಿದಮ್ ತಂದ್ರೂ ಅಷ್ಟೇ, ಆಂಕರ್‌ಗಳನ್ನೇ ಹರಡಿ ಇಡಬೇಕು.